ಈಲಿ

ಉಸಿರು ಎಳೆದುಕೊಳ್ಳಿ. ಹಿಡಿದುಕೊಳ್ಳಿ. ಬಿಡಿ.
ದಿನಕ್ಕೆ ನೂರು ಸಲ ಇದೇ ಮೂರು ಮಾತು
ವುಲ್ವರ್‌ಹ್ಯಾಂಪ್ಟನ್ನಿನ ಈ ಕತ್ತಲೆ ಕೋಣೆಯಲ್ಲಿ.
ಬಲಗಡೆ ಪಕ್ಕೆಲುಬಿನ ಸಂದಿಗೆ ತಣ್ಣನೆ ಜೆಲ್ಲು ಸವರಿ
ಪ್ರೋಬು ಒತ್ತಿದರೆ
ಬೂದುಬಣ್ಣದಲ್ಲಿ ಮೂಡುತ್ತದೆ ತೆರೆಯ ಮೇಲೆ.

ಅಪ್ಪನ ಅಂಗಡಿಯಲ್ಲಿ ಇದಕ್ಕೆ ಈಲಿ ಅಂತಿದ್ದೆವು.
ನಂಜನಗೂಡಿನ ರೈಲುಗೇಟಿನ ಪಕ್ಕ, ಭಾನುವಾರ ಬೆಳಗಿನ ಐದಕ್ಕೆ
ಗುಂಡಿಗೆ ಒಂದು ಕೊಕ್ಕೆಗೆ, ಈಲಿ ಒಂದು ಕೊಕ್ಕೆಗೆ.
ಒಳ್ಳೇ ಈಲಿ ನೇರಳೆಹಣ್ಣಿನ ಬಣ್ಣ,
ಬೆರಳೊತ್ತಿದರೆ ಪುಟಿಯಬೇಕು, ಚೂರಿಗೆ ಜಿಡ್ಡು ಹತ್ತಬಾರದು.
ಹಳದಿಗೆ ತಿರುಗಿದ್ದನ್ನು ಅಪ್ಪ ತಕ್ಕಡಿಗೇ ಹಾಕುತ್ತಿರಲಿಲ್ಲ,
"ಕೂತು ತಿಂದ ಕುರಿ" ಅಂತ ಬದಿಗೆ ಎಸೆಯುತ್ತಿದ್ದ.

ಎದೆಗೆ ನಮ್ಮಲ್ಲಿ ಏನೆಲ್ಲ ಮಾತು!
ಒಡೆಯುತ್ತದೆ, ತುಂಬಿ ಬರುತ್ತದೆ, ಝಲ್ಲೆನ್ನುತ್ತದೆ,
ಗಟ್ಟಿಗರಿಗೆ ಎದೆಗಾರಿಕೆ.
ಕರುಳಿಗೂ ಕುಡಿಯಿದೆ, ಹೊಟ್ಟೆಗೂ ಕಿಚ್ಚಿದೆ,
ಪಿತ್ತ ಕೂಡ ನೆತ್ತಿಗೇರುತ್ತದೆ.
ಈಲಿಗೆ ಒಂದು ಗಾದೆಯೂ ಇಲ್ಲ.
ಒಂದೂವರೆ ಕಿಲೋ ತೂಗುವ ಮೂಕ,
ನೋಯಲಿಕ್ಕೂ ಬರುವುದಿಲ್ಲ ಅದಕ್ಕೆ.

ಕ್ಲೈವ್ ಪಿಯರ್ಸಲ್, ಡಡ್ಲಿಯ ಕಡೆ ಬಸ್ಸು ಓಡಿಸುವವನು, ಐವತ್ತಾರು.
ಬೆಲ್ಟಿಗೆ ತಾನೇ ಮೊಳೆ ಹೊಡೆದು ಮಾಡಿಕೊಂಡ ಹೊಸ ತೂತು.
"ವಾರಕ್ಕೊಂದೇ ಬಿಯರು ಕಣಮ್ಮ,
ಈ ಲಿವರಿಗೇನು ಬಂತು ರೋಗ?"
ತೆರೆಯಲ್ಲಿ ಅದು ಹೊಳೆಯುತ್ತಿತ್ತು.
ಪಕ್ಕದ ಮೂತ್ರಪಿಂಡ ಅದರ ಮುಂದೆ ಕಾಡಿಗೆ.
ಇಲ್ಲಿ ಹೊಳಪು ಒಳ್ಳೆಯದಲ್ಲ, ಹೊಳಪೆಂದರೆ ಕೊಬ್ಬು.
ನಾನು ಹೇಳುವಂತಿಲ್ಲ.
"ರಿಪೋರ್ಟು ನಿಮ್ಮ ಡಾಕ್ಟರಿಗೆ ಹೋಗುತ್ತೆ" ಅಂದೆ,
ಜೆಲ್ಲು ಒರೆಸಿಕೊಳ್ಳಲು ಕಾಗದ ಕೊಟ್ಟೆ.

ಹದಿನಾಲ್ಕು ತಿಂಗಳ ಮೇಲೆ ಅದೇ ಹೆಸರು
ಮಹಡಿಯ ಮೇಲಿನ, ಹೃದಯದವರ ಪಟ್ಟಿಯಲ್ಲಿ. ಎರಡು ಸ್ಟೆಂಟು.
ಬಸ್ಸನ್ನು ಸ್ಟಾಪಿಗೆ ತಂದು, ಹ್ಯಾಂಡ್‌ಬ್ರೇಕು ಎಳೆದು,
ಬಾಗಿಲು ತೆರೆದು,
ಆಮೇಲೆ ಕುಸಿದನಂತೆ.
ಸಾಲ ಬೆಳೆದದ್ದು ಈಲಿಯ ಮನೆಯಲ್ಲಿ,
ವಸೂಲಿಯವರು ಬಂದದ್ದು ಜಾಮೀನು ನಿಂತ ಗುಂಡಿಗೆಯ ಬಾಗಿಲಿಗೆ.
ಸಕ್ಕರೆ, ರಕ್ತದ ಜಿಡ್ಡು, ಏರಿದ ಬಿಪಿ, ಸೊಂಟದ ಸುತ್ತಳತೆ
ಒಬ್ಬೊಬ್ಬರೇ ಬಂದಿದ್ದರೆ ಗುರುತು ಹಿಡಿಯಬಹುದಿತ್ತೇನೋ,
ದಿಬ್ಬಣದವರ ಹಾಗೆ ಒಟ್ಟಿಗೆ ಬಂದರು,
ಯಾರು ಯಾರ ಕಡೆಯವರೋ ತಿಳಿಯಲಿಲ್ಲ.

ಕ್ಷಮಿಸುವ ಗುಣದ್ದು, ಪಾಪ, ಈಲಿ.
ತಟ್ಟೆ ಹಗುರಾಗಿ ಕಾಲು ಆಡಿದರೆ ಕೊಬ್ಬನ್ನು ತಾನೇ ಇಳಿಸುತ್ತದೆ,
ಮತ್ತೆ ನೇರಳೆಗೆ ತಿರುಗುತ್ತದೆ.
ಇಷ್ಟನ್ನಾದರೂ ಹೇಳಬಹುದಿತ್ತು ನಾನು. ಕಾಗದ ಕೊಟ್ಟೆ.

ಮೊನ್ನೆ ಹೊಸ ಮೆಷೀನು ಬಂತು. ಊಟದ ಹೊತ್ತು.
"ಮಲಗು ಮಾದೇವಿ, ಕಡ್ಡಿ ಹಾಗಿದ್ದೀಯ,
ಆರೋಗ್ಯದ ಲಿವರು ಹೇಗೆ ಕಾಣುತ್ತೆ ನೋಡೋಣ" ಅಂದಳು ಬ್ರಾನ್ವೆನ್.
ಉಸಿರು ಎಳೆದುಕೋ. ಹಿಡಿದುಕೋ.
ಬಿಡು ಅನ್ನುವುದನ್ನು ಮರೆತಳು.
ಕತ್ತು ತಿರುಗಿಸಿದೆ. ಹೊಳೆಯುತ್ತಿತ್ತು.
ನಗುವಂತೆ ಮಾಡಿ "ರಿಪೋರ್ಟು ನಿನ್ನ ಡಾಕ್ಟರಿಗೆ" ಅಂದವಳು
ಅರ್ಧಕ್ಕೇ ನಿಂತು ಕಾಗದ ಚಾಚಿದಳು.

ಕುಡಿದವಳಲ್ಲ. ದಪ್ಪವೂ ಇಲ್ಲ.
ಹನ್ನೆರಡು ವರ್ಷ ಇದೇ ಗಾಲಿಕುರ್ಚಿ,
ಎರಡು ರೋಗಿಗಳ ನಡುವೆ ಎರಡು ಬಿಸ್ಕತ್ತು,
ರಾತ್ರಿ ಹತ್ತಕ್ಕೆ ಬೆಟ್ಟದಷ್ಟು ಅನ್ನ.
ಕೂತು ತಿಂದ ಕುರಿ.

ಸಂಜೆ ಬಸ್ಸು ಬಿಟ್ಟು ಕಾಲುವೆಯ ದಾರಿ ಹಿಡಿದೆ.
ನವೆಂಬರು, ನಾಲ್ಕೂವರೆಗೇ ಕತ್ತಲು,
ದೋಣಿಮನೆಯೊಂದರಲ್ಲಿ ಯಾರೋ ಈರುಳ್ಳಿ ಹುರಿಯುತ್ತಿದ್ದರು.
ಕೋಟಿನೊಳಗೆ ಕೈಯಿಟ್ಟು ಬಲಪಕ್ಕೆ ಒತ್ತಿಕೊಂಡೆ.
ನೋವಿಲ್ಲ. ಚೂರೂ ಇಲ್ಲ.
ಸೇತುವೆಯ ಏರಿಗೆ ಎದೆ ಮಾತ್ರ ಡಬಡಬ,
ಎಂದಿನಂತೆ ತನ್ನದೇ ಮಾತು.
ಕಟಕಟೆಗೆ ಒರಗಿ ನಿಂತು ಅದಕ್ಕೆ ಅಂದೆ:
ಒಂದು ಗಳಿಗೆ ಸುಮ್ಮನಿರು ಮಾರಾಯ,
ಪಕ್ಕದವನು ಏನೋ ಹೇಳುತ್ತಿರಬಹುದು.